ಚಂದಾ ಪುಸ್ತಕ ಮತ್ತು ಮುಂಗಡದ ಲೆಕ್ಕ

ಪಿಯುಸಿ ಫಲಿತಾಂಶ ಬಂದ ಮೇಲೆ ನಾವು ನಾಲ್ಕೈದು ಮಂದಿ ಚಂದಾ ಪುಸ್ತಕ ಹಿಡಿದು ಶಿಡ್ಲಘಟ್ಟದ ಬೀದಿಗಳಲ್ಲಿ ಹೊರಡುತ್ತೇವೆ. ನರ್ಸಿಂಗ್, ಇಂಜಿನಿಯರಿಂಗ್ ಸೀಟು ಸಿಕ್ಕಿಯೂ ಹೋಗಲಾಗದ ಹೆಣ್ಣುಮಕ್ಕಳ ಪಟ್ಟಿ ನಮ್ಮ ಜೇಬಿನಲ್ಲಿರುತ್ತದೆ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಯುವ ಹೊತ್ತಿಗೆ ರೀಲರುಗಳನ್ನು ಹಿಡಿಯಬೇಕು. ಗೂಡು ಅಗ್ಗಕ್ಕೆ ಸಿಕ್ಕಿದ ದಿನ ಅವರ ಕೈ ಧಾರಾಳ. ನೂಲಿನ ದರ ಬಿದ್ದ ದಿನ ಚಹಾ ಮಾತ್ರ ಸಿಗುತ್ತದೆ. ಚಿಂತಾಮಣಿಯಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಟೊಮೆಟೊ ದರ ನೋಡಿಕೊಂಡು ಮಂಡಿಗೆ ಹೋಗುತ್ತಾರಂತೆ. ವಿದ್ಯೆಯ ಭಾಗ್ಯ ಪೇಟೆಯ ದರದ ಮೇಲೆ ನಿಂತಿರುವುದು ವಿಚಿತ್ರವೇ, ಆದರೆ ನಮ್ಮ ಅನುಭವ ಇದು.

ಕಳೆದ ವರ್ಷ ಪಟ್ಟಿಯಲ್ಲಿ ಏಳು ಹೆಸರುಗಳಿದ್ದವು. ಆರು ನಮ್ಮವರದು. ಏಳನೆಯವಳು ದಲಿತ ಕೇರಿಯ ಹುಡುಗಿ. ಅವಳ ತಾಯಿ ನೂಲು ಬಿಚ್ಚುವ ಘಟಕವೊಂದರಲ್ಲಿ ಬೇಸಿನ್ನಿನ ಮುಂದೆ ಕೂರುವವರು. ಸರ್ಕಾರದ ವಿದ್ಯಾರ್ಥಿವೇತನ ಅವಳಿಗೆ ಬರಬೇಕಾದದ್ದೇ, ಆದರೆ ಅದು ತಡವಾಗಿ ಬರುತ್ತದೆ. ಹಾಸ್ಟೆಲು, ಪುಸ್ತಕದ ಖರ್ಚು ಕಾಯುವುದಿಲ್ಲ. ಆ ಘಟಕದ ಮಾಲೀಕರೇ ನಮ್ಮ ದೊಡ್ಡ ದಾನಿ. ಪಟ್ಟಿ ಓದಿದವರು ಬೆರಳನ್ನು ಕೊನೆಯ ಹೆಸರಿನ ಮೇಲೆ ನಿಲ್ಲಿಸಿ, "ಇದು ಝಕಾತಿನ ಹಣ ಭಾಯಿ, ಈ ಹೆಸರು ಹೇಗೆ ಸೇರಿಸಿದ್ರಿ?" ಎಂದರು.

ಅವರ ಪ್ರಶ್ನೆಯಲ್ಲಿ ಕೆಟ್ಟತನವಿರಲಿಲ್ಲ. ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ವರ್ಗಗಳನ್ನು ಹೇಳಿದೆ. ಅದು ಮುಸ್ಲಿಮರೊಳಗಿನ ಹಕ್ಕುದಾರರಿಗೆ ಸೇರಿದ್ದೆಂಬುದು ಬಹುತೇಕ ಉಲಮಾಗಳ ಅಭಿಪ್ರಾಯ. ಸದಕಾಕ್ಕೆ ಆ ಕಟ್ಟುಪಾಡಿಲ್ಲ. ಹಸಿದವನು ಯಾರೇ ಆಗಲಿ, ಕೊಡಬಹುದು. ಇದನ್ನು ನಾವು ಹೇಳಿದಾಗ ಅವರು ನಕ್ಕು ಇನ್ನೊಂದು ಜೇಬಿಗೆ ಕೈ ಹಾಕಿದರು. ಮಸಲಾ ಬಗೆಹರಿಯಿತೆಂದುಕೊಂಡು ನಾವು ಆ ತಾಯಿಯ ಮನೆಗೆ ಹೋದೆವು.

ಆಕೆ ಹಣ ಬೇಡವೆಂದರು. ಬಿಸಿನೀರಿನಲ್ಲಿ ನೆನೆನೆನೆದು ಬಿಳಿಚಿಕೊಂಡ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದರು: "ಮಾಲೀಕರ ಹತ್ತಿರ ತಗೊಂಡಿರೋ ಮುಂಗಡ ಇನ್ನೂ ತೀರಿಲ್ಲ ಸಾಬ್ರೇ. ಇದೂ ಸೇರಿದ್ರೆ ತೀರಿಸೋಕೆ ಮಗಳೂ ಬೇಸಿನ್ನಿಗೆ ಬರಬೇಕಾಯ್ತದೆ." ಇದು ಸಾಲವಲ್ಲ, ಮರಳಿ ಕೊಡಬೇಕಿಲ್ಲ ಎಂದು ನಾವು ಎಷ್ಟು ಹೇಳಿದರೂ ಆಕೆಯದು ಒಂದೇ ಮಾತು: "ಕೊಟ್ಟೋರು ಅವರೇ ಅಲ್ವಾ?"

ಕಥೆ ಬರೆಯುವ ನಮಗೆ ಇಂಥ ಮಾತು ಸಿಕ್ಕರೆ ಒಳಗೊಳಗೇ ಖುಷಿಯಾಗಬೇಕು. ಆ ದಿನ ಆಗಲಿಲ್ಲ. ಹಣ ಒಂದೇ, ಎಣಿಸಿದ ಕೈ ಒಂದೇ. ಕೊಟ್ಟವರು ಅದನ್ನು ಪುಣ್ಯದ ಖಾತೆಗೆ ಬರೆದರು, ಪಡೆಯಬೇಕಾದವರಿಗೆ ಅದು ಮುಂಗಡದ ಖಾತೆಯಲ್ಲಿ ಕಂಡಿತು. ಕೂಲಿಯಲ್ಲಿ ಸೇರಬೇಕಾಗಿದ್ದ ಹಣವೇ ಸುತ್ತಿ ಬಳಸಿ ಖೈರಾತಾಗಿ ಬಂದಿದ್ದರೆ, ಅದಕ್ಕೆ ಯಾವ ಹೆಸರಿಡಬೇಕು?

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇರುವ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಎರಡೇ ವರ್ಷಕ್ಕೆ, ಬ್ರಾಹ್ಮಣೇತರರ ವಿದ್ಯೆ ಮತ್ತು ನೌಕರಿಯ ಪಾಲನ್ನು ವಿಚಾರಿಸಲು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆ ಕೆಡುತ್ತದೆಂಬ ಆತಂಕ ದಿವಾನರದು. ಆ ಭಿನ್ನಾಭಿಪ್ರಾಯದಲ್ಲೇ ಅವರು ಅಧಿಕಾರ ಬಿಟ್ಟರು. ಅವರ ಪ್ರಾಮಾಣಿಕತೆಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಓದಿದ ಆ ಬಡ ಹುಡುಗ ಪುಣೆಗೆ ಇಂಜಿನಿಯರಿಂಗ್ ಕಲಿಯಲು ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಅದನ್ನು ಯಾರೂ ಖೈರಾತ್ ಎನ್ನಲಿಲ್ಲ. ಬೊಕ್ಕಸದ ಹಣಕ್ಕೆ ಕೊಟ್ಟವನ ಮುಖವಿರುವುದಿಲ್ಲ. ಪಡೆದವನು ದಾರಿಯಲ್ಲಿ ಎದುರಾದವರಿಗೆಲ್ಲ ಸಲಾಂ ಹೊಡೆಯಬೇಕಿಲ್ಲ. ಆ ಬೊಕ್ಕಸದಲ್ಲಿ ಉಳಿದ ಜಾತಿಗಳಿಗೂ ಪಾಲಿದೆ ಎಂಬುದಷ್ಟೇ ಮಿಲ್ಲರ್ ವರದಿಯ ವಾದವಾಗಿತ್ತು.

ಹಾಗೆಂದು ಬೊಕ್ಕಸವೊಂದನ್ನೇ ನೆಚ್ಚಿ ಕೂತಿದ್ದರೆ ನಮ್ಮವರ ಗತಿ ಏನಾಗುತ್ತಿತ್ತು? ಅಲಿಗಢದ ಕಾಲೇಜಿಗಾಗಿ ಸರ್ ಸೈಯದ್ ವಸ್ತುಪ್ರದರ್ಶನದ ವೇದಿಕೆ ಹತ್ತಿ ನಿಂತರು. ಶರೀಫರ ಮನೆತನದವನು ಹೀಗೆ ಮಾಡುವುದೇ ಎಂದು ಜನ ಆಡಿಕೊಂಡರು. ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಅಲ್-ಅಮೀನ್ ಸಂಸ್ಥೆಯನ್ನು ಕಟ್ಟಿ, 2021ರಲ್ಲಿ ತೀರಿಕೊಳ್ಳುವವರೆಗೂ ಸಮುದಾಯದ ಮಕ್ಕಳ ಓದಿನ ಚಿಂತೆ ಬಿಡಲಿಲ್ಲ. ಇಂಥವರು ಕಾಸಾ ಹಿಡಿದದ್ದು ತಮ್ಮ ಕೈಯಲ್ಲಿ, ಮಕ್ಕಳ ಕೈಯಲ್ಲಲ್ಲ. ನಾವೋ, ಮೊದಲ ವರ್ಷ ಹುಡುಗಿಯರನ್ನು ಶಾದಿಮಹಲಿನ ವೇದಿಕೆಗೆ ಹತ್ತಿಸಿ, ದಾನಿಗಳ ಕೈಯಿಂದ ಚೆಕ್ ಕೊಡಿಸಿ ಫೋಟೋ ತೆಗೆಸಿದ್ದೆವು. ಅದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಗೌರಿಬಿದನೂರು ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದವರು. ನ್ಯಾಷನಲ್ ಕಾಲೇಜಿನ ಆಸರೆಯಲ್ಲಿ ಬೆಳೆದು, ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾದರು. ಆದರೆ ಬದುಕಿನ ಬಹುಭಾಗವನ್ನು ಕಳೆದದ್ದು ಕಾಲೇಜು ಹಾಸ್ಟೆಲಿನ ಕೋಣೆಯಲ್ಲಿ, ಹುಡುಗರ ನಡುವೆ. ಪಡೆದವರು ಕೊಡುವವರಾದಾಗ ಎತ್ತರದ ಕುರ್ಚಿ ಹುಡುಕುವುದೇ ಹೆಚ್ಚು. ಅವರು ಹುಡುಕಲಿಲ್ಲ.

ಅಮೆರಿಕವೆಂದಾಗ ನೆನಪಾಯಿತು. ಅಲ್ಲಿನ ವಿಶ್ವವಿದ್ಯಾಲಯಗಳು ಕರಿಯರನ್ನೂ ಇತರ ಹಿಂದುಳಿದವರನ್ನೂ ಒಳಗೊಳ್ಳಲೆಂದು ಕಚೇರಿಗಳನ್ನು ತೆರೆದು ನಿಧಿ ಕೂಡಿಸಿದವು. 2020ರಲ್ಲಿ ಮೆಕೆಂಜಿ ಸ್ಕಾಟ್ ಎಂಬ ಶ್ರೀಮಂತ ಮಹಿಳೆ ಕರಿಯರ ಹೋವರ್ಡ್ ವಿಶ್ವವಿದ್ಯಾಲಯಕ್ಕೆ 4 ಕೋಟಿ ಡಾಲರನ್ನು ಯಾವ ಷರತ್ತೂ ಇಲ್ಲದೆ ಕೊಟ್ಟರು. ಆಮೇಲೆ ಗಾಳಿ ತಿರುಗಿತು. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಕೂಡದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. 2025ರಲ್ಲಿ ಅಧ್ಯಕ್ಷರ ಆದೇಶ ಬಂದ ಮೇಲೆ ಕಚೇರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮಲ್ಲೂ ಅಲ್ಪಸಂಖ್ಯಾತ ಮಕ್ಕಳಿಗೆ ಎಂಟನೇ ತರಗತಿಯವರೆಗೆ ಸಿಗುತ್ತಿದ್ದ ಕೇಂದ್ರದ ವಿದ್ಯಾರ್ಥಿವೇತನ 2022ರಲ್ಲಿ ನಿಂತಿತು. ಸಂಶೋಧಕರ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಅದೇ ವರ್ಷ ನಿಂತಿತು. ಬೊಕ್ಕಸಕ್ಕೆ ಮುಖವಿಲ್ಲವೆಂದು ಮೇಲೆ ಬರೆದೆವಲ್ಲ, ಅದು ಪೂರ್ತಿ ನಿಜವಲ್ಲ. ಕೀಲಿಕೈ ಹಿಡಿದವರು ಮುನಿದರೆ ಅದಕ್ಕೂ ಮುಖ ಮೂಡುತ್ತದೆ. ಆಗ ಮಕ್ಕಳು ಮತ್ತೆ ರೀಲರುಗಳ ಜೇಬಿಗೇ ಮರಳಬೇಕು, ನಾವು ಮತ್ತೆ ಹರಾಜು ಮುಗಿಯುವುದನ್ನು ಕಾಯಬೇಕು.

ಆ ಹುಡುಗಿಯ ವಿಷಯಕ್ಕೆ ಬಂದರೆ, ಎಲ್ಲರ ಹಣವನ್ನೂ ಒಂದೇ ಚೀಲಕ್ಕೆ ಹಾಕುವಂತಿರಲಿಲ್ಲ, ಝಕಾತಿನದು ಬೇರೆಯೇ ಉಳಿಯಬೇಕು. ಹೀಗಾಗಿ ಸದಕಾಕ್ಕೆಂದು ಇನ್ನೊಂದು ಪುಸ್ತಕ ಮಾಡಿ, ಹತ್ತು ಇಪ್ಪತ್ತು ಮಂದಿಯ ಪುಡಿಹಣ ಸೇರಿಸಿ, ಹಾಸ್ಟೆಲಿಗೆ ನಾವೇ ಕಟ್ಟಿದೆವು. ತಾಯಿಗೆ ಒಯ್ದು ಕೊಟ್ಟದ್ದು ರಸೀತಿ ಮಾತ್ರ. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಾಲೀಕರ ಹೆಸರಿಲ್ಲವೆಂದು ಮಗಳು ಓದಿ ಹೇಳಿದ ಮೇಲೆ ಟ್ರಂಕಿನಲ್ಲಿಟ್ಟರು.

ಈ ವರ್ಷ ಮತ್ತೆ ಮಾಲೀಕರ ಬಳಿ ಹೋದೆವು. "ಆ ಹುಡುಗಿ ಓದ್ತಿದ್ದಾಳಾ?" ಎಂದು ಕೇಳಿದರು, ಕಾಳಜಿಯಿಂದಲೇ ಕೇಳಿದರು. ಓದುತ್ತಿದ್ದಾಳೆ ಎಂದೆವು. ಹಿಂದಿನ ಕೋಣೆಯಿಂದ ಗೂಡು ಬೇಯುವ ವಾಸನೆ ಬರುತ್ತಿತ್ತು. ಅವಳ ತಾಯಿಯ ಮುಂಗಡ ಎಷ್ಟು ತೀರಿತು, ಕೂಲಿ ಎಷ್ಟು ಎಂದು ಕೇಳಬೇಕೆಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಪುಸ್ತಕ ಎಳೆದುಕೊಂಡು, ಹೋದ ವರ್ಷಕ್ಕಿಂತ ಎರಡು ಸಾವಿರ ಹೆಚ್ಚಿಗೆ ಬರೆದರು. ನಾವು ಶುಕ್ರಿಯಾ ಹೇಳಿ ರಸೀತಿ ಹರಿದು ಕೊಟ್ಟೆವು.