ಕೋಟಿನ ಬೆನ್ನಿಗೆ ಕ್ಲಿಪ್ಪು

ನಮ್ಮ ದೊಡ್ಡಪ್ಪನದೊಂದು ಫೋಟೊ ಇದೆ, ಸಿಂಧನೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಮೈಮೇಲೆ ಕೋಟು, ಕೊರಳಲ್ಲಿ ಟೈ, ಹಿಂದೆ ಸರೋವರ, ಎರಡು ಹಂಸ, ಒಂದು ಅಮೃತಶಿಲೆಯ ಕಂಬ. ಜೀವಮಾನವೆಲ್ಲ ಧೋತರ ಉಟ್ಟ ಮನುಷ್ಯ! ಕೋಟು ಸ್ಟುಡಿಯೋದವರದು. ಫೋಟೊಕ್ಕೆ ಬಂದ ಗಂಡಸರಿಗೆಲ್ಲ ಅದೊಂದೇ ಕೋಟು. ತೆಳ್ಳಗಿದ್ದವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಚ್ಚಿ ಬಿಗಿ ಮಾಡುತ್ತಿದ್ದರಂತೆ. ದಪ್ಪಗಿದ್ದವರು ಗುಂಡಿ ಹಾಕದಿದ್ದರಾಯಿತು. ಫೋಟೊ ಸೊಂಟದ ತನಕ ಮಾತ್ರ, ಕೆಳಗೆ ಧೋತರವೇ. "ಗದ್ದ ಮ್ಯಾಲೆತ್ರಿ... ಹಾಂ, ಉಸಿರು ಹಿಡೀರಿ!"

ಈ ಕ್ಲಿಪ್ಪಿನ ಕತೆ ಕೇಳಿ ನಾವು ನಗುತ್ತಿದ್ದೆವು. ದೊಡ್ಡ ಪತ್ರಿಕೆಗಳ ಫ್ಯಾಷನ್ ಶೂಟಿನಲ್ಲೂ ಅಂಗಿಯ ಬೆನ್ನಿಗೆ ಇಂಥದೇ ಕ್ಲಿಪ್ಪು ಹಚ್ಚುತ್ತಾರೆಂದು ಆಮೇಲೆ ತಿಳಿಯಿತು. ಅಲ್ಲಿ ಸೆಟ್ ಹಾಕುವುದಕ್ಕೂ ಒಂದು ಕ್ರಮವಿದೆ. ಮೊದಲು ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂರಬೇಕು. ಅದರ ಕಣ್ಣಿಗೆ ಬಿದ್ದಷ್ಟನ್ನೇ ಕಟ್ಟಬೇಕು. ಅರಮನೆಯೆಂದರೆ ಪ್ಲೈವುಡ್ಡಿನ ಒಂದು ಗೋಡೆ, ಹಿಂದೆ ರೀಪಿನ ಆಸರೆ, ಬುಡಕ್ಕೆ ಮರಳಿನ ಚೀಲ. ಬಡಗಿ, ಪೇಂಟರ್, ಲೈಟಿನ ಹುಡುಗರು ದಿನಗಟ್ಟಲೆ ಒದ್ದಾಡುವುದು ಈ ಒಂದು ಗೋಡೆಗಾಗಿ. ಆದರೆ ನಿಜವಾದ ಫಜೀತಿ ಇರುವುದು ಗೋಡೆ ಬಂದು ನೆಲಕ್ಕೆ ಕೂಡುವ ಜಾಗದಲ್ಲಿ. ಅಲ್ಲಿ ಗೆರೆ ಕಂಡಿತೋ, ಅರಮನೆಯ ಬಂಡವಾಳ ಬಯಲು. ಅದಕ್ಕೇ ದೊಡ್ಡ ಸ್ಟುಡಿಯೋಗಳಲ್ಲಿ ಮೂಲೆಯೇ ಇಲ್ಲದಂತೆ ಗೋಡೆಯನ್ನು ಬಾಗಿಸಿ ನೆಲಕ್ಕೆ ಇಳಿಸಿರುತ್ತಾರೆ. ನಮ್ಮವರು ಆ ಜಾಗಕ್ಕೆ ಪ್ಲಾಸ್ಟಿಕ್ ಹೂವಿನ ಕುಂಡ ಇಡುತ್ತಿದ್ದರು.

ಅಮೆರಿಕದ ಇರ್ವಿಂಗ್ ಪೆನ್ ಫ್ಯಾಷನ್ ಫೋಟೊಗಳ ದೊಡ್ಡ ಹೆಸರು. ಅವರು ಕೆಲಸ ಮಾಡುತ್ತಿದ್ದುದು 'ವೋಗ್' ಪತ್ರಿಕೆಗೆ. 1948ರ ಕ್ರಿಸ್‌ಮಸ್ ಹೊತ್ತಿಗೆ ಪೆರು ದೇಶದ ಕುಸ್ಕೊ ಊರಿನಲ್ಲಿ ಅಲ್ಲಿಯ ಫೋಟೊಗ್ರಾಫರನ ಸ್ಟುಡಿಯೋವನ್ನೇ ಬಾಡಿಗೆಗೆ ಹಿಡಿದು, ಬಣ್ಣದ ಪರದೆಯ ಮುಂದೆ ಊರ ಜನರನ್ನೆಲ್ಲ ನಿಲ್ಲಿಸಿ ಫೋಟೊ ತೆಗೆದರು. 1950ರಲ್ಲಿ ಪ್ಯಾರಿಸ್ಸಿನ ಹೊಸ ಉಡುಪುಗಳನ್ನು ತೆಗೆಯುವಾಗ ಹಿಂದೆ ಕಟ್ಟಿದ್ದು ಹಳೆಯದೊಂದು ನಾಟಕದ ಪರದೆ. ಬೂದುಬಣ್ಣ, ಮೋಡ ಕವಿದಂತೆ. ಅದನ್ನು ಅವರು ಕೊನೆತನಕ ಬಿಡಲಿಲ್ಲ. ಕಂಪನಿ ನಾಟಕದ ಸೀನರಿ ನೋಡುತ್ತ ಬೆಳೆದ ನಮ್ಮ ಕಡೆಯವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಿಕ್ಕಿಲ್ಲ.

ಈಗ ಪರದೆ ಯಾರಿಗೆ ಬೇಕು? ಮದುವೆ ಗೊತ್ತಾದ ಜೋಡಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗೆ ಇಳಿಯುತ್ತದೆ, ಮಸ್ಕಿಯ ಬಂಡೆಗಳನ್ನು ಹತ್ತುತ್ತದೆ. ಕೈಯಲ್ಲಿ ಕಾಸಿದ್ದವರು ಬೆಂಗಳೂರಿನ ಹೊರವಲಯಕ್ಕೇ ಹೋಗುತ್ತಾರೆ. ಅಲ್ಲಿ ಶೂಟಿಗೆಂದೇ ಕಟ್ಟಿದ ಸೆಟ್ಟುಗಳಿವೆ, ಗೋಡೆಯಿಲ್ಲದ ಬಾಗಿಲು, ಎಲ್ಲಿಗೂ ಹೋಗದ ಮೆಟ್ಟಿಲು. ಈಚೆಗೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲ ಕೋಟೆಯಲ್ಲಿ ಇಂಥ ಒಂದು ಜೋಡಿ ಕಂಡೆ. ಮೇಲೆ ಡ್ರೋನು, ಕೆಳಗೆ ನೆಲ ಗುಡಿಸುವ ಉದ್ದನೆಯ ಗೌನು. ಅದೇ ದಾರಿಯಲ್ಲಿ ಮುಂದೆ ಹೋದರೆ ಇಳಕಲ್ಲು. ಈ ಕರಿಗಲ್ಲಿನ ಮುಂದೆ ಇಳಕಲ್ಲ ಸೀರೆಯ ಕೆಂಪು ಸೆರಗು ಹೇಗೆ ಎದ್ದು ಕಾಣುತ್ತಿತ್ತು, ಇವರಿಗೆ ಯಾಕೆ ಹೊಳೆಯಲಿಲ್ಲ ಎಂದು ಒಳಗೊಳಗೇ ಗೊಣಗುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಆಚೆ ತಿರುಗಿದಳು. ಗೌನಿನ ಬೆನ್ನಿಗೆ ಸಾಲಾಗಿ ನಾಲ್ಕು ಕ್ಲಿಪ್ಪು. ನನ್ನ ಗೊಣಗಾಟ ಅಲ್ಲಿಗೇ ನಿಂತಿತು. ದೊಡ್ಡಪ್ಪನ ಕೋಟೇನು ಸ್ವಂತದ್ದಾಗಿತ್ತೇ?

ಒಂದು ಬೇಸರ ಮಾತ್ರ ಉಳಿದಿದೆ. ಸ್ಟುಡಿಯೋಗಳಲ್ಲಿ ಈಗ ಬಿಳಿಗೋಡೆ, ಇಲ್ಲವೆ ಫ್ಲೆಕ್ಸು. ಕೈಯಿಂದ ಬರೆದ ಪರದೆಗಳು ಎಲ್ಲಿ ಹೋದವೋ! ಪೆನ್ ಅವರ ಪರದೆಯನ್ನು 2017ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಫೋಟೊಗಳ ಜೊತೆಗೇ ತೂಗುಹಾಕಿದ್ದರು.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಳೆಯ ಸ್ಟುಡಿಯೋದವರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ ಸುತ್ತಿಟ್ಟ ಪರದೆ ಇದ್ದರೆ ಜೋಳದ ರಾಶಿಗೆ ಮುಚ್ಚಲು ಕೊಟ್ಟುಬಿಡಬೇಡಿ. ಕೆಳಗಿಳಿಸಿ ಒಮ್ಮೆ ಬಿಸಿಲಿಗೆ ಬಿಚ್ಚಿ ನೋಡಿ. ಇಲಿ ತಿನ್ನದೆ ಬಿಟ್ಟ ಹಂಸ ಒಂದಾದರೂ ಇದ್ದೀತು.