ಹೆಸರು ಹೇಳದ ದಾಸತ್ವ

ಅಮೇರಿಕದ ಸಂಸ್ಥಾನಗಳ ಪ್ರತಿನಿಧಿಗಳು ರಾಜ್ಯಾಂಗವನ್ನು ಬರೆಯುವದಕ್ಕೆ 1787ನೇ ಇಸವಿಯಲ್ಲಿ ಫಿಲಡೆಲ್ಫಿಯ ಪಟ್ಟಣದಲ್ಲಿ ಕೂಡಿದರು. ಆಫ್ರಿಕದಿಂದ ದಾಸರನ್ನು ತರಿಸುವದನ್ನು ನಿಷೇಧಿಸಿದರೆ ತಾವು ಐಕ್ಯಕ್ಕೆ ಸೇರುವದಿಲ್ಲವೆಂದು ದಕ್ಷಿಣ ಕೆರೊಲೀನ, ಜಾರ್ಜಿಯದವರು ಹಟಹಿಡಿದರು. ವರ್ಜೀನಿಯದ ಜಾರ್ಜ್ ಮೇಸನ್ ಎಂಬವರು ಆ ವ್ಯಾಪಾರವನ್ನು ಕಠಿನವಾಗಿ ಖಂಡಿಸಿದರು. ಅವರ ತೋಟದಲ್ಲಿಯೂ ದಾಸರೇ ದುಡಿಯುತ್ತಿದ್ದರೆಂಬದು ಬೇರೆ ಮಾತು. ಉತ್ತರದವರಲ್ಲಿ ಕೆಲವರು ಹಡಗುವ್ಯಾಪಾರದ ಕಾನೂನಿನಲ್ಲಿ ತಮಗೆ ಅನುಕೂಲವನ್ನು ಪಡೆದು, 1808ರ ವರೆಗೆ ಅದನ್ನು ತಡೆಯಕೂಡದೆಂದು ಒಪ್ಪಿದರು. ಐಕ್ಯವಿಲ್ಲದೆ ದೇಶವು ನಿಲ್ಲಲಾರದೆಂಬ ಅವರ ಭಯವನ್ನು ನಾವು ಹುಸಿಯೆನ್ನುವದಿಲ್ಲ. ಆದರೆ ಅದರ ಬೆಲೆಯನ್ನು ತೆತ್ತವರು ಆ ಸಭೆಯಲ್ಲಿ ಕೂತವರಲ್ಲ. ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ಐವರು ದಾಸರನ್ನು ಮೂವರೆಂದು ಎಣಿಸಿದರು; ದಾಸರೆಂಬ ಶಬ್ದವನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ. ಮಾಡಿದ್ದು ನ್ಯಾಯವಾಗಿದ್ದರೆ ಹೆಸರನ್ನು ಮರೆಮಾಡಿದ್ದೇಕೆ? ದಾಸತ್ವವೆಂಬ ಮಾತು ಆ ರಾಜ್ಯಾಂಗದೊಳಗೆ ಮೊದಲು ಬಂದದ್ದು 1865ರಲ್ಲಿ, ಅದನ್ನು ರದ್ದುಮಾಡಿದ ತಿದ್ದುಪಡಿಯಲ್ಲಿಯೇ.