ಗೋಪುರ ಕಟ್ಟುವ ಮುನ್ನ ಕುಳಿತು ಲೆಕ್ಕ ಹಾಕಿ



ಹತ್ತನೆಯ ತರಗತಿ ಮುಗಿಸಿದ ಮಗ ಊಟದ ಹೊತ್ತಿನಲ್ಲಿ ಮೆಲ್ಲನೆ ಮಾತು ತೆಗೆಯುತ್ತಾನೆ: "ಅಪ್ಪಾ, ನನಗೊಂದು ಗೇಮಿಂಗ್ ಕಂಪ್ಯೂಟರ್ ಬೇಕು." ಮನೆ ಬಾಡಿಗೆ, ಅಕ್ಕನ ಕಾಲೇಜು ಫೀಸು, ಅಜ್ಜಿಯ ಔಷಧಿ, ಎಲ್ಲವೂ ಒಂದೇ ಸಂಬಳದಲ್ಲಿ ನಡೆಯಬೇಕು. ಒಂದು ಮನೆಯಲ್ಲಿ ತಂದೆ "ಆಟವಂತೆ ಆಟ, ಸುಮ್ಮನೆ ಉಣ್ಣು" ಎಂದು ಗದರುತ್ತಾರೆ. ಇನ್ನೊಂದು ಮನೆಯಲ್ಲಿ ತಾಯಿ ಮಗನ ಸಪ್ಪೆ ಮುಖ ನೋಡಲಾರದೆ ಬಳೆ ಗಿರವಿ ಇಡುತ್ತಾರೆ. ಇಬ್ಬರಿಗೂ ಮಗನ ಮೇಲೆ ಪ್ರೀತಿಯಿದೆ. ಆದರೆ ಇಬ್ಬರೂ ಮಗನೊಂದಿಗೆ ಕುಳಿತು ಮಾತಾಡಲಿಲ್ಲ.

ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟಬಯಸಿದವನ ಸಾಮತಿ ಹೇಳುತ್ತಾರೆ. ಬುದ್ಧಿಯುಳ್ಳವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ. ಇಲ್ಲವಾದರೆ ಅಡಿಪಾಯಕ್ಕೇ ಹಣ ಮುಗಿದು ನೋಡಿದವರೆಲ್ಲ ನಗುವಂತಾಗುತ್ತದೆ. ಶಿಷ್ಯತ್ವದ ಬೆಲೆಯನ್ನು ತಿಳಿಸಲು ಸ್ವಾಮಿ ಕೊಟ್ಟ ಹೋಲಿಕೆ ಇದು. ಆದರೆ ಮನೆಯ ಚಿಕ್ಕ ಲೆಕ್ಕವನ್ನು ಕಲಿಯದವನು ಬಾಳಿನ ದೊಡ್ಡ ಲೆಕ್ಕವನ್ನು ಹೇಗೆ ಹಾಕಿಯಾನು?

ಆಟವೇ ಪಾಪವೆಂದು ಕೆಲವರು ತಿಳಿದಿದ್ದಾರೆ. ಸಂತ ತೋಮಸ್ ಅಕ್ವಿನಾಸರು ಹಾಗೆ ಹೇಳಲಿಲ್ಲ. ದುಡಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಮನಸ್ಸಿಗೆ ಆಟ ಬೇಕು, ಆಟದಲ್ಲಿಯೂ ಒಂದು ಸದ್ಗುಣವಿದೆ ಎಂದು ಅವರು ಬೋಧಿಸಿದರು. ಮಿತಿ ಮೀರಿದ ಆಟ ತಪ್ಪು, ನಗುವನ್ನೇ ಅರಿಯದ ಬಿಗುಮಾನವೂ ತಪ್ಪೇ ಎಂದರು. ಆದ್ದರಿಂದ ಪ್ರಶ್ನೆ ಆಟ ಬೇಕೋ ಬೇಡವೋ ಎಂಬುದಲ್ಲ, ಮಿತಿ ಎಲ್ಲಿ ಎಂಬುದು.

ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಆದಾಯ, ಖರ್ಚು, ಉಳಿತಾಯವನ್ನು ಮಗನ ಎದುರಿಗೇ ಬರೆಯಿರಿ. ಉಳಿದ ಮೊತ್ತವೇ ಗಡಿ. ಬಳಿಕ ಕೇಳಿ: "ಯಾವ ಆಟ ಆಡುತ್ತೀಯಪ್ಪ?" ಮೈನ್‌ಕ್ರಾಫ್ಟ್, ವ್ಯಾಲರಂಟ್‌ನಂಥ ಆಟಗಳಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. 2021ರಲ್ಲಿ ಬಂದ ರೈಜೆನ್ 5 5600ಜಿಯಂಥ ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಅಡಕವಾಗಿದೆ. ಅದು ಮುಖ್ಯ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಹಾಕಿಸುವುದು ಲೇಸು. ಕಾರ್ಡನ್ನು ಮುಂದೆ ಹಣ ಕೂಡಿದಾಗ ಸೇರಿಸಬಹುದು.

ಅಷ್ಟೂ ಸಾಧ್ಯವಿಲ್ಲದಿದ್ದರೆ ಕಚೇರಿಗಳು ಮಾರುವ ಹಳೆಯ ಕಂಪ್ಯೂಟರುಗಳಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಇಂಟೆಲ್ ಪ್ರೊಸೆಸರಾದರೆ ವಿಂಡೋಸ್ 11ಕ್ಕೆ ಒಪ್ಪುವ 8ನೆಯ ತಲೆಮಾರಿನದೋ ಅದಕ್ಕೂ ಹೊಸದೋ ಆಗಿರಲಿ. ಅದಕ್ಕೆ ಜಿಟಿಎಕ್ಸ್ 1650ರ 75 ವ್ಯಾಟಿನ, ಬೇರೆ ವಿದ್ಯುತ್ ತಂತಿ ಬೇಡದ ಮಾದರಿಯನ್ನು ಸೇರಿಸಬಹುದು. ಆದರೆ ಪೆಟ್ಟಿಗೆಯಲ್ಲಿ ಜಾಗವಿದೆಯೇ, ಪವರ್ ಸಪ್ಲೈ ತಡೆದೀತೇ ಎಂದು ಮೊದಲೇ ನೋಡಿ. ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ ನೋಡಿದ ಮೇಲೆ ಹಣ ಕೊಡಿ. ಎಲ್ಲಿ ಉಳಿಸಿದರೂ ಪವರ್ ಸಪ್ಲೈಯಲ್ಲಿ ಉಳಿಸಬೇಡಿ. ಕಳಪೆಯದು ಕೆಟ್ಟರೆ ಉಳಿದ ಭಾಗಗಳನ್ನೂ ಸುಟ್ಟೀತು. ಕಣ್ಣಿಗೆ ಕಾಣುವ ಬಣ್ಣದ ದೀಪಗಳಿಗೆ ಹಣ ಸುರಿದು ಕಾಣದ ಆಧಾರವನ್ನು ಮರೆಯುವುದು ಕಂಪ್ಯೂಟರಿಗೂ ಕೇಡು, ಕುಟುಂಬಕ್ಕೂ ಕೇಡು.

ಹಣ ಸಾಲದೇ? ಹಾಗಾದರೆ ಕಾಯಿರಿ. ಕಂತಿನ ಸಾಲ ಇಂದು ಬೆರಳ ತುದಿಯಲ್ಲಿ ಸಿಗುತ್ತದೆ. ಅದರ ಬಡ್ಡಿಯನ್ನು ಕಟ್ಟುವುದು ಮಾತ್ರ ಅಜ್ಜಿಯ ಔಷಧಿಯ ಹಣದಿಂದ. ಆಟದ ಸಾಮಾನಿಗಾಗಿ ಸಾಲ ಬೇಡ. ರಜೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಮಗನೂ ನಾಲ್ಕು ಕಾಸು ಕೂಡಿಸಲಿ. ತಾನು ಕಾದು ಪಡೆದ ವಸ್ತುವಿನ ಬೆಲೆ ಅವನಿಗೆ ಗೊತ್ತಿರುತ್ತದೆ.

2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಸಂತ ಪದವಿಗೇರಿಸಿದ ಕಾರ್ಲೋ ಅಕುತಿಸ್, 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡ ಇಟಲಿಯ ಬಾಲಕ. ಅವನಿಗೂ ವಿಡಿಯೋ ಆಟ ಪ್ರಿಯ. ಆದರೂ ವಾರಕ್ಕೆ ಒಂದೇ ಗಂಟೆಯೆಂದು ತಾನೇ ಗಡಿ ಹಾಕಿಕೊಂಡಿದ್ದನಂತೆ. ಕಂಪ್ಯೂಟರಿನಲ್ಲಿ ಪರಮಪ್ರಸಾದದ ಅದ್ಭುತಗಳನ್ನು ಜಗತ್ತಿಗೆ ಸಾರಿದ. ಅವನ ಮನೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಗಡಿ ಅವನ ಮನಸ್ಸಿನಲ್ಲಿತ್ತು. ನಮ್ಮ ಮಕ್ಕಳಿಗೆ ಹಣದ ಗಡಿ ಬಡತನದಿಂದಲೇ ಬಂದಿದೆ. ಮನಸ್ಸಿನ ಗಡಿಯನ್ನು ಮಾತ್ರ ನಾವು ಕಲಿಸಬೇಕು.

ಈ ವಾರ ಜಪಸರ ಮುಗಿದ ಮೇಲೆ ಆ ಹಾಳೆಯನ್ನು ಹರಡಿಕೊಂಡು ಕುಳಿತುಕೊಳ್ಳಿ. ಕಂಪ್ಯೂಟರ್ ಈ ವರ್ಷ ಬಂದೀತು, ಮುಂದಿನ ವರ್ಷ ಬಂದೀತು. ತಂದೆ ತನ್ನನ್ನು ನಂಬಿ ಮನೆಯ ಲೆಕ್ಕ ತೋರಿಸಿದರೆಂಬುದನ್ನು ಮಗ ಎಂದೂ ಮರೆಯಲಾರ. ವಿವೇಕವನ್ನು ದಯಪಾಲಿಸುವ ಪವಿತ್ರಾತ್ಮರು ನಿಮ್ಮ ಮನೆಯಲ್ಲಿ ನೆಲೆಸಲಿ.